1.40 ಕೋಟಿಯ ಚರಂಡಿ ಟೆಂಡರ್: ದರದ ಕವರ್ ತೆರೆಯುವ ಮೊದಲೇ ಏನೇನು ತೀರ್ಮಾನವಾಗಿರುತ್ತದೆ

ಒಂದು ನಗರಸಭೆ ಜನವರಿ 2026ರಲ್ಲಿ ಒಂದು ವಾರ್ಡಿನ ರಸ್ತೆ ಮತ್ತು ಚರಂಡಿಗೆ ಟೆಂಡರ್ ಕರೆದಿದೆ ಎಂದುಕೊಳ್ಳೋಣ. 600 ಮೀಟರ್ ಉದ್ದ, 5.5 ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ. ಅದರ ಜೊತೆ 900 ಮೀಟರ್ ಆರ್‌ಸಿಸಿ ಬಾಕ್ಸ್ ಚರಂಡಿ, ಮೇಲೆ ಮುಚ್ಚುವ ಚಪ್ಪಡಿ. ಟೆಂಡರಿಗೆ ಇಟ್ಟ ಮೊತ್ತ ಜಿಎಸ್‌ಟಿ ಬಿಟ್ಟು 1.40 ಕೋಟಿ ರೂ., ಅವಧಿ 9 ತಿಂಗಳು, ಎರಡು ಕವರ್ ಪದ್ಧತಿ (ಒಂದರಲ್ಲಿ ಅರ್ಹತೆಯ ದಾಖಲೆಗಳು, ಇನ್ನೊಂದರಲ್ಲಿ ದರ), ಕೆಡಬ್ಲ್ಯೂ-4 ಎಂಬ ಸರ್ಕಾರಿ ಮಾದರಿಯ ಟೆಂಡರ್ ದಾಖಲೆ, ಶೇಕಡಾವಾರು ದರ, ಅಂದರೆ ಟೆಂಡರ್ ಮೊತ್ತಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಬರೆಯುವುದು. ಇದು ಯಾವುದೇ ಒಂದು ಊರಿನ, ಒಬ್ಬ ಗುತ್ತಿಗೆದಾರರ ಕತೆಯಲ್ಲ. ಕರ್ನಾಟಕದ ನಗರಸಭೆಗಳಲ್ಲಿ ವರ್ಷವಿಡೀ ನಡೆಯುವ ಕೆಲಸದ ಮಾದರಿ. ಮೊತ್ತಗಳು ಮತ್ತು ಮಾರುಕಟ್ಟೆ ದರಗಳನ್ನು ಲೆಕ್ಕ ತೋರಿಸಲು ಇಟ್ಟುಕೊಂಡಿದ್ದೇವೆ. ನಿಯಮಗಳು ಮತ್ತು ಲೆಕ್ಕದ ವಿಧಾನ ಚಾಲ್ತಿಯಲ್ಲಿರುವವೇ.

ಟೆಂಡರ್ ಹಾಕಲು ಹೊರಟವರು ಒಬ್ಬ ಎರಡನೇ ದರ್ಜೆಯ ಗುತ್ತಿಗೆದಾರರು, ಸ್ವಂತ ಹೆಸರಿನ ಸಂಸ್ಥೆ. ಕೈಯಲ್ಲಿ ಆಗಲೇ ಮೂರು ಕೆಲಸಗಳಿವೆ. ಅವರನ್ನು ಇಲ್ಲಿ 'ನಮ್ಮ ಗುತ್ತಿಗೆದಾರರು' ಎಂದೇ ಕರೆಯುತ್ತೇವೆ.

ಕಾಯ್ದೆಯ ಚೌಕಟ್ಟು

ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳ ಖರೀದಿ ಮತ್ತು ಕಾಮಗಾರಿ ನಡೆಯುವುದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999 ಮತ್ತು ಅದರ 2000ದ ನಿಯಮಗಳ ಅಡಿಯಲ್ಲಿ. ಎಲ್ಲರ ಬಾಯಲ್ಲೂ ಅದು ಕೆಟಿಪಿಪಿ. ಇದರಲ್ಲಿ ಮೂರು ಕೈಗಳಿರುತ್ತವೆ: ಟೆಂಡರ್ ಕರೆಯುವ ಪ್ರಾಧಿಕಾರ, ಪರಿಶೀಲಿಸುವ ಸಮಿತಿ, ಅಂಗೀಕರಿಸುವ ಪ್ರಾಧಿಕಾರ. ನಿಮ್ಮ ಅರ್ಜಿಯನ್ನು ಯಾವ ಹಂತದಲ್ಲಿ ಯಾರು ನೋಡುತ್ತಾರೆ ಎಂಬುದನ್ನು ಟೆಂಡರ್ ಪ್ರಕಟಣೆಯಲ್ಲೇ ಗುರುತು ಹಾಕಿಕೊಳ್ಳಿ. ಮುಂದೆ ಆಕ್ಷೇಪಣೆ ಅಥವಾ ಮೇಲ್ಮನವಿ ಬರೆಯಬೇಕಾದಾಗ ಹೆಸರು ತಪ್ಪಿದರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಹಳೆಯ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದ ಜಾಗಕ್ಕೆ ಈಗ ಕೆಪಿಪಿಪಿ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಬಂದಿದೆ. ನೋಂದಣಿ, ಡಿಜಿಟಲ್ ಸಹಿ, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ), ದಾಖಲೆಗಳ ಅಪ್‌ಲೋಡ್, ದರ, ಎಲ್ಲವೂ ಅಲ್ಲಿಯೇ. ಡಿಜಿಟಲ್ ಸಹಿ ಮೂರನೇ ವರ್ಗದ್ದಾಗಿರಬೇಕು. ಅದರ ಅವಧಿ ಟೆಂಡರಿನ ಕೊನೆಯ ದಿನಾಂಕದ ನಂತರವೂ ಇದೆಯೇ ಎಂದು ಇವತ್ತೇ ನೋಡಿ. ಸಹಿಯ ಟೋಕನ್ ಹೊಸದಾಗಿ ಪಡೆದು ಪೋರ್ಟಲ್‌ನಲ್ಲಿ ಮತ್ತೆ ಜೋಡಿಸಲು ಕೊನೆಯ ದಿನ ಸಾಲುವುದಿಲ್ಲ.

ಅರ್ಹತೆಯ ಲೆಕ್ಕ

ಹೆಚ್ಚಿನವರು ಮೊದಲು 'ಎಷ್ಟು ಬಿಲೋ ಹಾಕೋಣ', ಅಂದರೆ ಟೆಂಡರ್ ಮೊತ್ತಕ್ಕಿಂತ ಶೇಕಡಾ ಎಷ್ಟು ಕಡಿಮೆ, ಎಂದು ಕೇಳುತ್ತಾರೆ. ಕೇಳಬೇಕಾದದ್ದು 'ನಮ್ಮ ದರದ ಕವರ್ ತೆರೆಯುವ ಹಂತ ಬರುತ್ತದೆಯೇ' ಎಂದು. ಎರಡು ಕವರ್ ಪದ್ಧತಿಯಲ್ಲಿ ತಾಂತ್ರಿಕ ಕವರ್‌ನಲ್ಲಿ ಬಿದ್ದವರ ದರವನ್ನು ಯಾರೂ ನೋಡುವುದೇ ಇಲ್ಲ.

ಈ ಟೆಂಡರಿನಲ್ಲಿ ಐದು ಅರ್ಹತೆಗಳಿವೆ. ಕಳೆದ ಐದು ಹಣಕಾಸು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ 2.80 ಕೋಟಿ ರೂ. ವಹಿವಾಟು. ಮುಖ್ಯ ಗುತ್ತಿಗೆದಾರರಾಗಿ 70 ಲಕ್ಷಕ್ಕೆ ಕಡಿಮೆಯಿಲ್ಲದ ಒಂದು ಇಂಥದೇ ಕೆಲಸ ಮುಗಿಸಿರಬೇಕು. ಯಾವುದಾದರೂ ಒಂದು ವರ್ಷದಲ್ಲಿ 780 ಘನ ಮೀಟರ್ ಕಾಂಕ್ರೀಟ್ ಹಾಕಿರಬೇಕು. ಪಟ್ಟಿಯಲ್ಲಿರುವ ಯಂತ್ರಗಳು ಇರಬೇಕು. ಕೊನೆಯದು ಟೆಂಡರ್ ಸಾಮರ್ಥ್ಯ, ಅಂದರೆ ಬಿಡ್ ಕೆಪ್ಯಾಸಿಟಿ. ಹಿಂದಿನ ಅಂಕಿಗಳು ಆಕಾಶದಿಂದ ಬಂದವಲ್ಲ: ವಹಿವಾಟು ವಾರ್ಷಿಕ ಪಾವತಿಯ ಎರಡರಷ್ಟು, ಒಂದೇ ಕೆಲಸದ ಮೊತ್ತ ಅಂದಾಜಿನ ಅರ್ಧ, ಕಾಂಕ್ರೀಟ್ ಪ್ರಮಾಣ ಒಟ್ಟು 975 ಘನ ಮೀಟರಿನ ಶೇ 80. ಈ ಅನುಪಾತ ಗೊತ್ತಿದ್ದರೆ, ಯಾರದೋ ಅಳತೆಗೆ ಹೊಲಿಸಿದ ಷರತ್ತು ಟೆಂಡರಿನಲ್ಲಿ ನುಸುಳಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಅಂಥದ್ದು ಕಂಡರೆ ಸ್ಪಷ್ಟೀಕರಣದ ಅವಧಿಯೊಳಗೆ ಲಿಖಿತವಾಗಿ ಕೇಳಬೇಕು. ಟೆಂಡರ್ ಹಾಕಿ ಸೋತ ಮೇಲೆ 'ಷರತ್ತೇ ಸರಿಯಿರಲಿಲ್ಲ' ಎಂದರೆ ಯಾರೂ ಕಿವಿಗೊಡುವುದಿಲ್ಲ.

ವಹಿವಾಟಿನ ಲೆಕ್ಕ ಹೀಗೆ. ಹಳೆಯ ವರ್ಷಗಳ ಮೊತ್ತವನ್ನು ಇಂದಿನ ಬೆಲೆಗೆ ತರಲು ವರ್ಷಕ್ಕೆ ಶೇ 10ರಂತೆ ಏರಿಸಲು ದಾಖಲೆ ಅವಕಾಶ ಕೊಡುತ್ತದೆ. ಟೆಂಡರ್ ನಡೆಯುವ 2025-26ಕ್ಕೆ ಗುಣಕ 1.00, 2024-25ಕ್ಕೆ 1.10, 2023-24ಕ್ಕೆ 1.21, 2022-23ಕ್ಕೆ 1.331. ನಮ್ಮ ಗುತ್ತಿಗೆದಾರರು 2023-24ರಲ್ಲಿ 2.40 ಕೋಟಿ, 2022-23ರಲ್ಲಿ 2.15 ಕೋಟಿಯ ಸಿವಿಲ್ ಕೆಲಸ ಮಾಡಿದ್ದಾರೆ. ಏರಿಸಿದರೆ 2.90 ಕೋಟಿ ಮತ್ತು 2.86 ಕೋಟಿ. ಎರಡೂ 2.80 ದಾಟಿದವು. ಏರಿಸದೆ ಬರೆದಿದ್ದರೆ ಎರಡೂ ಬೀಳುತ್ತಿದ್ದವು. ಪ್ರಮಾಣಪತ್ರದಲ್ಲಿ ಮೂಲ ಮೊತ್ತವನ್ನೂ ಏರಿಸಿದ ಮೊತ್ತವನ್ನೂ ಪಕ್ಕಪಕ್ಕದಲ್ಲಿ ತೋರಿಸುವುದೇ ಒಳ್ಳೆಯದು.

ಇಲ್ಲಿ ಆಗಾಗ ಎಡವುವ ಜಾಗ ಇನ್ನೊಂದಿದೆ. ಅನೇಕರು ಗುತ್ತಿಗೆಯ ಜೊತೆ ಜೆಲ್ಲಿ, ಎಂ ಸ್ಯಾಂಡ್ ಮಾರಾಟವನ್ನೂ ನಡೆಸುತ್ತಾರೆ. ಲೆಕ್ಕಪರಿಶೋಧಕರು ಒಟ್ಟು ವಹಿವಾಟನ್ನೇ ಬರೆದುಕೊಡುತ್ತಾರೆ. ದಾಖಲೆ ಕೇಳುವುದು ಸಿವಿಲ್ ಕಾಮಗಾರಿಯ ವಹಿವಾಟು ಮಾತ್ರ. ಪರಿಶೀಲನಾ ಸಮಿತಿ ಬ್ಯಾಲೆನ್ಸ್ ಶೀಟ್ ತೆರೆದು ಮಾರಾಟವನ್ನು ಕಳೆದರೆ ಅರ್ಹತೆ ಅಲ್ಲಿಗೇ ಮುಗಿಯಿತು. ಕಾಮಗಾರಿ ಮತ್ತು ಮಾರಾಟವನ್ನು ಬೇರೆ ಬೇರೆ ತೋರಿಸಿ, ಯುಡಿಐಎನ್ (ಲೆಕ್ಕಪರಿಶೋಧಕರ ಪ್ರಮಾಣಪತ್ರದ ವಿಶಿಷ್ಟ ಗುರುತು) ಸಂಖ್ಯೆ ಸಹಿತ ಪ್ರಮಾಣಪತ್ರ ಪಡೆಯಿರಿ.

ಸಾಮರ್ಥ್ಯದ ಸೂತ್ರ

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಸೂತ್ರ ಚಿಕ್ಕದು:

ಲಭ್ಯ ಸಾಮರ್ಥ್ಯ = (ಎ × ಎನ್ × 1.5) − ಬಿ

ಎ ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಸಿವಿಲ್ ಕೆಲಸದ ಮೊತ್ತ, ಇಂದಿನ ಬೆಲೆಗೆ ಏರಿಸಿದ್ದು. ಎನ್ ಎಂದರೆ ಈ ಕೆಲಸದ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಎಂದರೆ ಕೈಯಲ್ಲಿರುವ ಕೆಲಸಗಳಲ್ಲಿ ಆ ಅವಧಿಯೊಳಗೆ ಮುಗಿಸಬೇಕಾದ ಮೊತ್ತ. ಉತ್ತರ 1.40 ಕೋಟಿಗಿಂತ ಕಡಿಮೆ ಬಂದರೆ ಅನರ್ಹ.

ನಮ್ಮ ಗುತ್ತಿಗೆದಾರರ ಎ 2.904 ಕೋಟಿ. 9 ತಿಂಗಳೆಂದರೆ ಎನ್ 0.75. ಗುಣಿಸಿದರೆ 3.267 ಕೋಟಿ. ಈಗ ಬಿ. ಕೈಯಲ್ಲಿರುವ ಮೂರು ಕೆಲಸಗಳಲ್ಲಿ ಬಾಕಿ ಇರುವುದು 95 ಲಕ್ಷ, 70 ಲಕ್ಷ, 40 ಲಕ್ಷ. ಗುಮಾಸ್ತರು ಮೂರನ್ನೂ ಕೂಡಿ 2.05 ಕೋಟಿ ಬರೆದರು. ಕಳೆದರೆ ಉಳಿಯುವುದು 1.217 ಕೋಟಿ. ಅನರ್ಹ.

ಆದರೆ ಸೂತ್ರ ಕೇಳುವುದು ಒಟ್ಟು ಬಾಕಿಯನ್ನಲ್ಲ, ಮುಂದಿನ 9 ತಿಂಗಳಲ್ಲಿ ಮಾಡಬೇಕಾದ ಬಾಕಿಯನ್ನು. 95 ಲಕ್ಷದ ಕೆಲಸಕ್ಕೆ ಇನ್ನೂ 18 ತಿಂಗಳಿವೆ. ಆದ್ದರಿಂದ ಅದರ ಅರ್ಧ, 47.5 ಲಕ್ಷ ಮಾತ್ರ ಬಿ ಒಳಗೆ ಬರಬೇಕು. ಉಳಿದೆರಡೂ 9 ತಿಂಗಳೊಳಗೆ ಮುಗಿಯಬೇಕಾದವು, ಪೂರ್ತಿ ಸೇರುತ್ತವೆ. ಸರಿಯಾದ ಬಿ 1.575 ಕೋಟಿ. ಸಾಮರ್ಥ್ಯ 1.692 ಕೋಟಿ. ಅರ್ಹ.

ಒಂದೇ ಸಾಲಿನ ವ್ಯತ್ಯಾಸ, ಇಡೀ ಟೆಂಡರ್ ಅದರ ಮೇಲೆ ನಿಂತಿದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಪ್ರತಿ ಕೆಲಸಕ್ಕೂ ಒಪ್ಪಂದದ ಮೊತ್ತ, ಈವರೆಗಿನ ಬಿಲ್, ಬಾಕಿ, ಮುಗಿಸಬೇಕಾದ ದಿನಾಂಕ, ಇವಿಷ್ಟನ್ನೂ ದಾಖಲೆಯ ನಮೂನೆಯಲ್ಲೇ ತುಂಬಿ, ಸಂಬಂಧಪಟ್ಟ ಕಾರ್ಯಪಾಲಕ ಎಂಜಿನಿಯರ್ ದೃಢೀಕರಣ ಪಡೆಯಬೇಕು. ಅವಧಿ ವಿಸ್ತರಣೆ ಸಿಕ್ಕಿದ್ದರೆ ಆ ಆದೇಶದ ಪ್ರತಿಯೂ ಇರಲಿ. ಮೂರು ಕೆಲಸ ಮೂರು ಇಲಾಖೆಗಳಲ್ಲಿದ್ದರೆ ಮೂರು ಕಚೇರಿ ಅಲೆಯಬೇಕಾಗುತ್ತದೆ. ಹಾಗಾಗಿ ಈ ಪ್ರಮಾಣಪತ್ರಗಳನ್ನು ಟೆಂಡರ್ ಬರುವ ಮೊದಲೇ, ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಸಿಟ್ಟುಕೊಳ್ಳುವ ರೂಢಿ ಬೆಳೆಸಿಕೊಂಡವರೇ ಈ ವೃತ್ತಿಯಲ್ಲಿ ನೆಮ್ಮದಿಯಾಗಿದ್ದಾರೆ.

ಇನ್ನೊಂದು ದಾರಿಯನ್ನೂ ಕೆಲವರು ಹಿಡಿಯುತ್ತಾರೆ: ಕೈಯಲ್ಲಿರುವ ಒಂದು ಕೆಲಸವನ್ನೇ ಪಟ್ಟಿಯಿಂದ ಬಿಟ್ಟುಬಿಡುವುದು. ದಯವಿಟ್ಟು ಬೇಡ. ಪೋರ್ಟಲ್‌ನಲ್ಲಿ ಯಾರಿಗೆ ಯಾವ ಕೆಲಸ ಸಿಕ್ಕಿತು ಎಂಬುದು ತೆರೆದಿರುತ್ತದೆ, ಎದುರಾಳಿ ಅದನ್ನು ಹುಡುಕಿಯೇ ಹುಡುಕುತ್ತಾನೆ. ಸುಳ್ಳು ಮಾಹಿತಿ ಸಾಬೀತಾದರೆ ಈ ಟೆಂಡರ್ ಮಾತ್ರವಲ್ಲ, ನೋಂದಣಿಯೇ ಕಪ್ಪುಪಟ್ಟಿಯ ಅಪಾಯಕ್ಕೆ ಸಿಲುಕುತ್ತದೆ.

ಇಎಂಡಿ

ಇಎಂಡಿ ಎಷ್ಟು, ಯಾವ ರೂಪದಲ್ಲಿ ಎಂಬುದನ್ನು ಪ್ರಕಟಣೆ ಹೇಳುತ್ತದೆ. ಬ್ಯಾಂಕ್ ಗ್ಯಾರಂಟಿ ಕೊಡುವುದಾದರೆ ಅದರ ಅವಧಿ ಟೆಂಡರ್ ಸಿಂಧುತ್ವಕ್ಕಿಂತ 45 ದಿನ ಹೆಚ್ಚಿರಬೇಕು. ಸಿಂಧುತ್ವ 90 ದಿನವಿದ್ದರೆ ಗ್ಯಾರಂಟಿ 135 ದಿನದ್ದು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಇದೆ ಎಂಬ ಧೈರ್ಯದ ಮೇಲೆ ಇಎಂಡಿ ಕಟ್ಟದೆ ಬಿಡುವವರಿದ್ದಾರೆ. ಪ್ರಕಟಣೆಯಲ್ಲಿ ವಿನಾಯಿತಿ ಬರೆದಿಲ್ಲವೆಂದರೆ ಕಟ್ಟಲೇಬೇಕು.

'ಚಿಕ್ಕ ಕೊರತೆ, ಕ್ಷಮಿಸುತ್ತಾರೆ' ಎಂಬ ನಂಬಿಕೆಯ ಹಿಂದೆ ಸುಪ್ರೀಂ ಕೋರ್ಟಿನ ಪೊದ್ದಾರ್ ಸ್ಟೀಲ್ ತೀರ್ಪನ್ನು ನೆನೆಯುವವರುಂಟು. 1991ರ ಆ ಪ್ರಕರಣದಲ್ಲಿ ಇಎಂಡಿಯನ್ನು ನಗದು ಅಥವಾ ಸ್ಟೇಟ್ ಬ್ಯಾಂಕಿನ ಡ್ರಾಫ್ಟ್ ಮೂಲಕ ಕೊಡಬೇಕಿತ್ತು. ಗೆದ್ದವರು ಕೊಟ್ಟದ್ದು ಯೂನಿಯನ್ ಬ್ಯಾಂಕಿನ ಚೆಕ್. ಟೆಂಡರ್ ಕರೆದವರು ಅದನ್ನು ಒಪ್ಪಿದ್ದರು, ಕೋರ್ಟ್ ಎತ್ತಿಹಿಡಿಯಿತು. ಗಮನಿಸಬೇಕಾದದ್ದು ಏನೆಂದರೆ, ಸಡಿಲಿಸುವ ಸ್ವಾತಂತ್ರ್ಯ ಪ್ರಾಧಿಕಾರದ್ದು. ಸಡಿಲಿಸಿ ಎಂದು ಕೇಳುವ ಹಕ್ಕು ಟೆಂಡರುದಾರನಿಗೆ ಅದರಿಂದ ಹುಟ್ಟುವುದಿಲ್ಲ.

ಸ್ಥಳ ನೋಡದೆ ದರ ಹಾಕುವುದು

ನಕ್ಷೆಯಲ್ಲಿ 600 ಮೀಟರ್ ನೇರ ರಸ್ತೆ ಕಾಣುತ್ತದೆ. ಸ್ಥಳಕ್ಕೆ ಹೋದರೆ ಚರಂಡಿಯ 140 ಮೀಟರ್ ಭಾಗ ಮೂರು ಮೀಟರ್ ಅಗಲದ ಗಲ್ಲಿಯಲ್ಲಿದೆ. ಅಲ್ಲಿಗೆ ಟ್ರಾನ್ಸಿಟ್ ಮಿಕ್ಸರ್ ಬರುವುದಿಲ್ಲ, ಸೆಲ್ಫ್ ಲೋಡಿಂಗ್ ಮಿಕ್ಸರ್ ಬೇಕು, ಇಲ್ಲವೇ ಕೂಲಿಯವರು ಬಾಂಡ್ಲಿಯಲ್ಲಿ ಹೊರಬೇಕು. ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್‌ಗಳು ಎಷ್ಟಿವೆ, ಅವುಗಳ ಮುಚ್ಚಳವನ್ನು ಹೊಸ ರಸ್ತೆಯ ಮಟ್ಟಕ್ಕೆ ಏರಿಸುವ ಬಾಬ್ತು ಪಟ್ಟಿಯಲ್ಲಿ ಇದೆಯೇ? ಕುಡಿಯುವ ನೀರಿನ ಮನೆ ಸಂಪರ್ಕಗಳು ಎಷ್ಟು ಆಳದಲ್ಲಿವೆ? ವಿದ್ಯುತ್ ಕಂಬ ಚರಂಡಿಯ ಸಾಲಿನಲ್ಲೇ ನಿಂತಿದೆಯೇ, ಅದನ್ನು ಸರಿಸುವವರು ಯಾರು? ಎಲ್ಲಕ್ಕಿಂತ ಮುಖ್ಯ, ಚರಂಡಿಯ ನೀರು ಕೊನೆಗೆ ಎಲ್ಲಿಗೆ ಬೀಳುತ್ತದೆ? ಹೊರಹರಿವಿನ ಮಟ್ಟ ನಿಮ್ಮ ತಳಕ್ಕಿಂತ ಎತ್ತರದಲ್ಲಿದ್ದರೆ ಎಷ್ಟೇ ಚೆನ್ನಾಗಿ ಕಟ್ಟಿದರೂ ನೀರು ನಿಲ್ಲುತ್ತದೆ, ದೂರು ನಿಮ್ಮ ಮೇಲೆ ಬರುತ್ತದೆ. ಲೆವೆಲ್ ಯಂತ್ರ ಇಟ್ಟು ಎರಡು ತುದಿ ನೋಡುವುದು ಅರ್ಧ ದಿನದ ಕೆಲಸ.

ಅದೇ ಹೊತ್ತಿಗೆ ನಗರಸಭೆಯಲ್ಲಿ ಕೇಳಬೇಕಾದ ಪ್ರಶ್ನೆ: ಹಣ ಯಾವ ಬಾಬ್ತಿನದು? ಹಣಕಾಸು ಆಯೋಗದ ಅನುದಾನವೇ, ರಾಜ್ಯದ ಅನುದಾನವೇ, ನಗರಸಭೆಯ ಸ್ವಂತ ನಿಧಿಯೇ? ಬಿಲ್ ಎಷ್ಟು ತಿಂಗಳು ಕಾಯುತ್ತದೆ ಎಂಬುದು ಈ ಉತ್ತರದಲ್ಲಿದೆ, ದರದಲ್ಲಿ ಅದಕ್ಕೂ ಜಾಗ ಬೇಕು.

ದರ

ನಮ್ಮ ಗುತ್ತಿಗೆದಾರರ ಲೆಕ್ಕ, ಜಿಎಸ್‌ಟಿ ಬಿಟ್ಟು, ಲಕ್ಷ ರೂಪಾಯಿಗಳಲ್ಲಿ:

ಕಾಂಕ್ರೀಟ್ 975 ಘನ ಮೀಟರ್, ಹಾಕಿ ಮುಗಿಸಿ 6,000 ರೂ.ನಂತೆ: 58.50
ಕಬ್ಬಿಣ 25 ಟನ್, ಕಟ್ಟುವುದೂ ಸೇರಿ 72,000 ರೂ.ನಂತೆ: 18.00
ಅಗೆತ ಮತ್ತು ಮಣ್ಣು ಸಾಗಣೆ 2,100 ಘನ ಮೀಟರ್, 260 ರೂ.ನಂತೆ: 5.46
ಜಿಎಸ್‌ಬಿ (ಕಾಂಕ್ರೀಟಿನ ಕೆಳಗಿನ ಜೆಲ್ಲಿ ಪದರ) 540 ಘನ ಮೀಟರ್, 1,500 ರೂ.ನಂತೆ: 8.10
ಸೆಂಟ್ರಿಂಗ್ 3,240 ಚದರ ಮೀಟರ್, 260 ರೂ.ನಂತೆ: 8.42
ನೀರು, ಕ್ಯೂರಿಂಗ್, ಬ್ಯಾರಿಕೇಡ್, ಪೈಪ್ ಜೋಡಣೆ: 4.00
ಸೈಟ್ ಮೇಲ್ವಿಚಾರಣೆ 9 ತಿಂಗಳು: 5.40

ಕೂಡಿದರೆ 107.88 ಲಕ್ಷ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 60 ಲಕ್ಷ ರೂ. ಐದು ತಿಂಗಳು ಬಿಲ್ಲಿನಲ್ಲಿ ಸಿಕ್ಕಿಕೊಂಡರೆ ವರ್ಷಕ್ಕೆ ಶೇ 12ರಂತೆ ಬಡ್ಡಿ 3 ಲಕ್ಷ. ಕೆಲಸ ಮುಗಿದ ಮೇಲಿನ ದೋಷ ಹೊಣೆ ಅವಧಿಯ ದುರಸ್ತಿಗೆ 2 ಲಕ್ಷ. ಗ್ಯಾರಂಟಿ ಕಮಿಷನ್, ವಿಮೆ, ಕಾಂಕ್ರೀಟಿನ ಕ್ಯೂಬ್ ಪರೀಕ್ಷೆಗೆ 1 ಲಕ್ಷ. ಈಗ 113.88. ಬಿಲ್ಲಿನ ಮೇಲೆ ಶೇ 1 ಕಾರ್ಮಿಕ ಕಲ್ಯಾಣ ಸೆಸ್ ಬೇರೆ. ಇವೆಲ್ಲ ತುಂಬಿಕೊಳ್ಳಬೇಕಾದರೆ ಕನಿಷ್ಠ 115.03 ಲಕ್ಷ ಬೇಕು, ಅಂದರೆ ಶೇ 17.8 ಬಿಲೋ. ಅದು ಲಾಭವೂ ಇಲ್ಲದ ನಷ್ಟವೂ ಇಲ್ಲದ ಗೆರೆ. ಶೇ 9 ಬಿಲೋ ಹಾಕಿದರೆ ಕೆಲಸದ ಮೊತ್ತ 127.40, ಉಳಿಯುವುದು ಸುಮಾರು 12.25 ಲಕ್ಷ. ಶೇ 22 ಬಿಲೋ ಹಾಕಿದರೆ 109.20, ಕೈಯಿಂದ ಹೋಗುವುದು ಸುಮಾರು 5.77 ಲಕ್ಷ.

ಈ 5.77 ಲಕ್ಷ ಗುತ್ತಿಗೆದಾರರ ಜೇಬಿನಿಂದ ಹೋಗುವುದು ಅಪರೂಪ. 20 ಸೆಂಟಿಮೀಟರ್ ಇರಬೇಕಾದ ರಸ್ತೆ 17ಕ್ಕೆ ಇಳಿಯುತ್ತದೆ, 14 ದಿನದ ಕ್ಯೂರಿಂಗ್ ಐದು ದಿನಕ್ಕೆ ಮುಗಿಯುತ್ತದೆ, ಚಪ್ಪಡಿಯ ಕಬ್ಬಿಣದ ಅಂತರ ಅಗಲವಾಗುತ್ತದೆ. ಅದನ್ನು ತುಂಬಿಕೊಡುವವರು ಆ ಬೀದಿಯ ಜನ. ಹಾಗಾಗಿ ನಮ್ಮ ಮಾತು ಖಡಾಖಂಡಿತ: ಸ್ವಂತ ಖರ್ಚಿನ ಗೆರೆಗಿಂತ ಕೆಳಗೆ ಹೋಗಿ ಕೆಲಸ ಹಿಡಿಯಬಾರದು.

ಜಿಎಸ್‌ಟಿಯ ವಾಕ್ಯವನ್ನು ಎರಡು ಸಲ ಓದಿ. ಸ್ಥಳೀಯ ಸಂಸ್ಥೆಯ ಇಂಥ ಕಾಮಗಾರಿಗೆ ದರ ಶೇ 18. ಟೆಂಡರ್ ಮೊತ್ತ ಜಿಎಸ್‌ಟಿ ಬಿಟ್ಟು ಎಂದಿದ್ದರೆ 127.40ರ ಮೇಲೆ 22.93 ಸೇರುತ್ತದೆ. ಎಲ್ಲ ತೆರಿಗೆ ಸೇರಿ ಎಂದಿದ್ದರೆ ಅದೇ 127.40ರಲ್ಲಿ 19.43 ಲಕ್ಷ ತೆರಿಗೆ, ನಿಮಗೆ ಉಳಿಯುವುದು 107.97. ಆರಾಮದ ಲಾಭ ಒಂದು ಪದದಿಂದ ನಷ್ಟವಾಯಿತು.

ಕೈಗೆ ಬರುವ ಹಣ ಇನ್ನೊಂದು ಲೆಕ್ಕ. 30 ಲಕ್ಷದ ಒಂದು ಬಿಲ್ ತೆಗೆದುಕೊಳ್ಳಿ. ಜಿಎಸ್‌ಟಿ ಸೇರಿ 35.40. ಅದರಲ್ಲಿ ಆದಾಯ ತೆರಿಗೆ ಟಿಡಿಎಸ್ ವ್ಯಕ್ತಿಗೆ ಶೇ 1, ಜಿಎಸ್‌ಟಿ ಟಿಡಿಎಸ್ ಶೇ 2, ಸೆಸ್ ಶೇ 1, ಈ ದಾಖಲೆಯಂತೆ ಕೆಲಸದ ಭದ್ರತೆಗಾಗಿ ಶೇ 5 ತಡೆಹಿಡಿಯುವ ಮೊತ್ತ (ರಿಟೆನ್ಷನ್). ಒಟ್ಟು 2.70 ಕಡಿತ, ಬರುವುದು 32.70. ಅದರಲ್ಲಿ 5.40 ತೆರಿಗೆಯ ಹಣ. ಕೊಂಡ ಕಾಂಕ್ರೀಟ್ ಮತ್ತು ಕಬ್ಬಿಣದ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗಲೇ ಕೊಟ್ಟ ತೆರಿಗೆ) ಕಳೆದು ಉಳಿದದ್ದನ್ನು ಇನ್‌ವಾಯ್ಸ್ ತೆಗೆದ ಮರು ತಿಂಗಳ 20ರೊಳಗೆ ಕಟ್ಟಬೇಕು. ನಗರಸಭೆ ಹಣ ಕೊಡುವ ಮೊದಲೇ ಇನ್‌ವಾಯ್ಸ್ ತೆಗೆದವರು ತಮ್ಮ ಹಣ ಹಾಕಿ ತೆರಿಗೆ ಕಟ್ಟುತ್ತಾರೆ. ಜೆಲ್ಲಿ, ಎಂ ಸ್ಯಾಂಡ್‌ಗೆ ರಾಯಲ್ಟಿ ಕಟ್ಟಿದ ಪರ್ಮಿಟ್ ಇಟ್ಟುಕೊಳ್ಳದಿದ್ದರೆ ಬಿಲ್ಲಿನಲ್ಲಿ ಅದೂ ಕಡಿತವಾಗುತ್ತದೆ. ಕ್ರಷರ್‌ಗೆ ಕೊಟ್ಟ ಬೆಲೆಯಲ್ಲಿ ಒಮ್ಮೆ, ಇಲ್ಲಿ ಇನ್ನೊಮ್ಮೆ.

ಕವರ್ ತೆರೆದಾಗ

ನಾಲ್ವರು ಹಾಕಿದ್ದಾರೆ. ಒಬ್ಬರು ಉಪಗುತ್ತಿಗೆಯ ಅನುಭವವನ್ನು ಮುಖ್ಯ ಗುತ್ತಿಗೆಯೆಂದು ತೋರಿಸಿ ಬಿದ್ದರು. ಇನ್ನೊಬ್ಬರು ಸಾಮರ್ಥ್ಯದ ಲೆಕ್ಕದಲ್ಲಿ ಬಿದ್ದರು; ಅವರು ಬಿ ಜಾಗದಲ್ಲಿ ಒಟ್ಟು ಬಾಕಿಯನ್ನೇ ಬರೆದಿದ್ದರು. ಉಳಿದ ಇಬ್ಬರ ದರ ತೆರೆದಾಗ ಎದುರಾಳಿ ಶೇ 22 ಬಿಲೋ, ನಮ್ಮವರು ಶೇ 9 ಬಿಲೋ. ಎಲ್1, ಅಂದರೆ ಅತಿ ಕಡಿಮೆ ದರದವರು, ಎದುರಾಳಿ; ಎಲ್2 ನಮ್ಮವರು.

ದರ ತೀರಾ ಕಡಿಮೆಯೆಂದು ಕಂಡಾಗ ಪ್ರಾಧಿಕಾರ ದರ ವಿಶ್ಲೇಷಣೆ ಕೇಳಬಹುದು, ಕೆಲಸ ಸರಿಯಾಗಿ ಮುಗಿಸುವುದಕ್ಕೆ ಖಾತರಿಯಾಗಿ ಇಡುವ ಕಾರ್ಯಕ್ಷಮತಾ ಭದ್ರತೆಯನ್ನು ಹೆಚ್ಚಿಸಬಹುದು. ಇಲ್ಲಿ ಹಾಗೆಯೇ ಆಯಿತು. ಅಂಗೀಕಾರ ಪತ್ರ ಕೈಸೇರಿದ 20 ದಿನದೊಳಗೆ ಭದ್ರತೆ ಕಟ್ಟಬೇಕು. ಹೆಚ್ಚುವರಿ ಮೊತ್ತದ ಗ್ಯಾರಂಟಿಗೆ ಬ್ಯಾಂಕ್ ಒಪ್ಪಲಿಲ್ಲ. ಎಲ್1 ಕಟ್ಟಲಿಲ್ಲ, ಇಎಂಡಿ ಮುಟ್ಟುಗೋಲಾಯಿತು.

ಎಲ್1 ಹಿಂದೆ ಸರಿದರೆ ಕೆಲಸ ತನಗೇ ಎಂದು ಎಲ್2 ಅಂದುಕೊಳ್ಳುವುದು ಸಹಜ. ತಾನಾಗಿ ಬರುವುದಿಲ್ಲ. ಸಾಮಾನ್ಯವಾಗಿ ಮರುಟೆಂಡರ್. ಎಲ್2 ಜೊತೆ ಕುಳಿತು ಒಪ್ಪಂದ ಮಾಡಿಕೊಳ್ಳಲು ಬಿಟ್ಟರೆ ಇಬ್ಬರೂ ಮೊದಲೇ ಮಾತಾಡಿಕೊಂಡು ಆಟ ಕಟ್ಟಬಹುದು, ಆ ಬಾಗಿಲನ್ನು ಮುಚ್ಚಿಡುವುದೇ ಸರಿ. ತಾಂತ್ರಿಕ ಕವರ್‌ನಲ್ಲಿ ತಪ್ಪಾಗಿ ಬಿದ್ದೆವು ಎನ್ನುವವರಿಗೆ, ಅಂಗೀಕಾರದ ಆದೇಶ ಕೈಸೇರಿದ 30 ದಿನದೊಳಗೆ ಕಾಯ್ದೆಯ 16ನೇ ಕಲಮಿನಡಿ ಮೇಲ್ಮನವಿ ಇದೆ. ಆದೇಶ ಯಾವ ದಿನ ತಲುಪಿತು ಎಂಬ ಪುರಾವೆ ಇಟ್ಟುಕೊಳ್ಳಿ.

ಎರಡನೇ ಸುತ್ತು

ಮರುಟೆಂಡರ್ ಏಪ್ರಿಲ್ 2026ರಲ್ಲಿ ಬಂತು. ಕೆಲಸ ಅದೇ, ಲೆಕ್ಕ ಮಾತ್ರ ಬೇರೆ. ಹಣಕಾಸು ವರ್ಷ ತಿರುಗಿದೆ, 'ಕಳೆದ ಐದು ವರ್ಷ' ಎಂಬುದರಿಂದ 2020-21 ಬಿದ್ದುಹೋಗಿ 2025-26 ಸೇರುತ್ತದೆ. 2025-26ರ ಲೆಕ್ಕಪರಿಶೋಧನೆ ಆಗಿಲ್ಲ. ಪ್ರಕಟಣೆ ಯಾವ ವರ್ಷಗಳನ್ನು ಹೆಸರಿಸಿದೆ, ಪರಿಶೋಧನೆ ಆಗದ ಲೆಕ್ಕವನ್ನು ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು.

2023-24ರ 2.40 ಕೋಟಿಗೆ ಗುಣಕ ಈಗ 1.331. ಎ 3.194 ಕೋಟಿ, ಗುಣಿಸಿದರೆ 3.594. ಮೊದಲ ಕೆಲಸದಲ್ಲಿ ಬಾಕಿ 80 ಲಕ್ಷ, 15 ತಿಂಗಳಲ್ಲಿ 9 ತಿಂಗಳ ಪಾಲು 48 ಲಕ್ಷ. ಎರಡನೆಯದರಲ್ಲಿ 35 ಲಕ್ಷ. ಮೂರನೆಯದು ಮುಗಿದಿದೆ. ಬಿ 83 ಲಕ್ಷ, ಸಾಮರ್ಥ್ಯ 2.76 ಕೋಟಿ. ಜನವರಿಯಲ್ಲಿ ಕೂದಲೆಳೆಯಲ್ಲಿ ಅರ್ಹರಾಗಿದ್ದವರು ಈಗ ನಿರಾಳ. ಜನವರಿಯ ಪ್ರಮಾಣಪತ್ರಗಳನ್ನೇ ಮತ್ತೆ ಹಾಕಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ.

ದರ ಮಾತ್ರ ಮೊದಲಿನಂತೆ ಇಡಲಾಗದು. ಕೆಲಸದ ಆದೇಶ ಜೂನ್‌ಗೆ ಬಂದರೆ ಮಳೆಗಾಲದಲ್ಲಿ ಅಗೆತ. ಗುಂಡಿಯಿಂದ ನೀರು ಪಂಪ್ ಮಾಡಬೇಕು, ಬದಿ ಕುಸಿಯದಂತೆ ಹಲಗೆ ಕೊಡಬೇಕು, ಮೇಲ್ವಿಚಾರಣೆಯ ದಿನ ಹೆಚ್ಚು. ನಮ್ಮ ಗುತ್ತಿಗೆದಾರರು 3 ಲಕ್ಷ ಸೇರಿಸಿ ಶೇ 7 ಬಿಲೋ ಹಾಕುತ್ತಾರೆ. ಇನ್ನೂ ಕೆಳಗೆ ಹೋದವರಿಗೆ ಕೆಲಸ ಸಿಕ್ಕರೆ ಸಿಗಲಿ, ಆ ಗೆರೆ ದಾಟುವುದಿಲ್ಲ.

ಕೆಲಸ ಕೈಸೇರಿದರೆ ಅಗೆಯುವ ಮೊದಲು ಜೆಇ (ಕಿರಿಯ ಎಂಜಿನಿಯರ್) ಜೊತೆ ನಿಂತು ಪ್ರತಿ 10 ಮೀಟರಿಗೆ ನೆಲದ ಮಟ್ಟ ತೆಗೆದು ಇಬ್ಬರೂ ಸಹಿ ಹಾಕಬೇಕು. ಒಮ್ಮೆ ಅಗೆದ ಮೇಲೆ ಅಗೆತದ ಪ್ರಮಾಣಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಮುಚ್ಚಿಹೋಗುವ ಜಿಎಸ್‌ಬಿ, ಕಬ್ಬಿಣದ ಅಳತೆಗಳು ಮುಚ್ಚುವ ಮೊದಲೇ ಎಂಬಿ (ಅಳತೆ) ಪುಸ್ತಕ ಸೇರಬೇಕು. ಕಂಬ ಸರಿಸಲು ಕಾದ ದಿನ, ನೀರಿನ ಪೈಪ್ ಒಡೆದು ನಿಂತ ದಿನ, ಮಳೆಯ ದಿನ, ಇವೆಲ್ಲ ಅಡಚಣೆ ವಹಿಯಲ್ಲಿ ಅಂದಂದೇ ದಾಖಲಾಗಿ, ಪತ್ರದ ಮೂಲಕ ಪೌರಾಯುಕ್ತರ ಕಚೇರಿಯ ಸ್ವೀಕೃತಿ ಮುದ್ರೆ ಪಡೆಯಬೇಕು. ಒಂಬತ್ತನೇ ತಿಂಗಳಲ್ಲಿ ಅವಧಿ ವಿಸ್ತರಣೆ ಕೇಳುವಾಗ ವಿಳಂಬದ ದಂಡ ತಪ್ಪುವುದು ಆ ಮುದ್ರೆಯಿಂದಲೇ.